ಉಷ್ಣವೂ ಅಲ್ಲ, ಕರ್ಮವೂ ಅಲ್ಲ

ನಮ್ಮ ಕಡೆ ಹೆಂಗಸರ ಅರ್ಧಕ್ಕರ್ಧ ಕಾಯಿಲೆಗಳಿಗೆ ಒಂದೇ ಹೆಸರು: ಉಷ್ಣ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. ಮೂತ್ರಕ್ಕೆ ಹೋದಾಗ ಬೆಂಕಿ ಇಟ್ಟಂತೆ ಆದರಂತೂ ಕೇಳುವುದೇ ಬೇಡ, ‘ತಲೆಗೆ ಹರಳೆಣ್ಣೆ ಹಚ್ಚಿಕೋ, ಜೀರಿಗೆ ಕಷಾಯ ಕುಡಿ’ ಎಂದು ಮನೆಯ ಹಿರಿಯರ ಅಪ್ಪಣೆಯಾಗುತ್ತದೆ. ಕಷಾಯದ ನೆಪದಲ್ಲಾದರೂ ನಾಲ್ಕು ಲೋಟ ನೀರು ಹೊಟ್ಟೆಗೆ ಸೇರುತ್ತದೆ ಎಂದು ನಾನು ಸುಮ್ಮನಿರುತ್ತೇನೆ. ನನ್ನ ಜಗಳವೆಲ್ಲ ಆ ಹೆಸರಿನ ಮೇಲೆ. ಉಷ್ಣ ಎಂದುಬಿಟ್ಟರೆ ತಪ್ಪು ಬಿಸಿಲಿನದಾಗುತ್ತದೆ, ತಿಂದ ಮಾವಿನಹಣ್ಣಿನದಾಗುತ್ತದೆ. ಶೌಚಾಲಯಕ್ಕೆ ಬೀಗ ಜಡಿದವರು ಆರಾಮವಾಗಿ ಪಾರಾಗುತ್ತಾರೆ.

ಉರಿಮೂತ್ರಕ್ಕೆ ಬಹುಪಾಲು ಕಾರಣ ಒಂದು ಸೂಕ್ಷ್ಮಾಣು. ಹೆಸರು ಇ. ಕೋಲಿ, ವಾಸ ನಮ್ಮದೇ ಕರುಳಿನಲ್ಲಿ. ಕರುಳಿನಲ್ಲಿದ್ದಷ್ಟು ದಿನ ತನ್ನ ಪಾಡಿಗೆ ತಾನಿರುತ್ತದೆ. ಮೂತ್ರದ ದಾರಿ ಹತ್ತಿದರೆ ರಗಳೆ. ಗಂಡಸರಲ್ಲಿ ಆ ದಾರಿ ಸುಮಾರು 20 ಸೆಂಟಿಮೀಟರ್ ಉದ್ದ, ನಮ್ಮಲ್ಲಿ ಬರೀ 4. ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಬಂದೇ ಬರುತ್ತದೆ ಎನ್ನುತ್ತದೆ ವೈದ್ಯಶಾಸ್ತ್ರ. ಇದರಲ್ಲಿ ನಾಚಿಕೆಪಡುವಂಥದ್ದು, ನಡತೆಯ ಮೇಲೆ ಬೆರಳು ಮಾಡುವಂಥದ್ದು ಏನಿದೆ?

ನಾನು ಸಮಾಜ ಪಾಠ ಹೇಳುವವಳು, ವಿಜ್ಞಾನದವಳಲ್ಲ. ಆದರೂ ಈ ಸೂಕ್ಷ್ಮಾಣುವನ್ನು ನಮ್ಮ ಮೈ ಎದುರಿಸುವ ರೀತಿಯನ್ನು ಓದಿದಾಗ ನನಗೆ ನೆನಪಾದವಳು ಒನಕೆ ಓಬವ್ವ. ಕಿಂಡಿಯಲ್ಲಿ ವೈರಿ ತಲೆ ಹಾಕಿದಾಗ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ, ಯುದ್ಧವಿದ್ಯೆ ಕಲಿಯಲು ಹೋಗಲಿಲ್ಲ, ಕೈಗೆ ಸಿಕ್ಕ ಒನಕೆ ಎತ್ತಿದಳು. ನಮ್ಮ ಮೈಯಲ್ಲೂ ಹಾಗೆ ಹುಟ್ಟಿನಿಂದಲೇ ಬಂದ ಒಂದು ಕಾವಲಿದೆ. ಹಿಂದೆ ಆ ರೋಗ ಬಂದಿರಬೇಕು, ಚುಚ್ಚುಮದ್ದು ಹಾಕಿಸಿರಬೇಕು ಎಂಬ ಕಟ್ಟಳೆ ಅದಕ್ಕಿಲ್ಲ.

ಈ ಕಾವಲಿನ ಮೊದಲ ಆಯುಧ ಮೂತ್ರದ ಹರಿವೇ. ಒಳಗೆ ಬಂದ ಸೂಕ್ಷ್ಮಾಣುವನ್ನು ನೆಲೆಯೂರುವ ಮೊದಲೇ ಅದು ಕೊಚ್ಚಿ ಹೊರಗೆ ಹಾಕುತ್ತದೆ. ಇ. ಕೋಲಿಯೂ ಜಾಣ. ಅದರ ಮೈಮೇಲೆ ಸಣ್ಣ ಸಣ್ಣ ಎಳೆಗಳಿವೆ. ಬದುವಿನ ಮೇಲೆ ನಡೆದರೆ ಉತ್ತರಣಿ ಸೀರೆಯಂಚಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಆ ಎಳೆಗಳ ತುದಿ ಮೂತ್ರಕೋಶದ ಒಳಗೋಡೆಯಲ್ಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಅದಕ್ಕೂ ನಮ್ಮ ಮೂತ್ರಪಿಂಡದಲ್ಲಿ ಉಪಾಯವಿದೆ. ಟಾಮ್ ಮತ್ತು ಹಾರ್ಸ್‌ಫಾಲ್ ಎಂಬ ವಿಜ್ಞಾನಿಗಳು 1950ರಲ್ಲಿ ಮೂತ್ರದಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು; ಈಗ ಅದಕ್ಕೆ ಯೂರೋಮಾಡ್ಯುಲಿನ್ ಎನ್ನುತ್ತಾರೆ. ಅದರ ಮೈಯಲ್ಲೂ ಅದೇ ಸಕ್ಕರೆ. ಸೂಕ್ಷ್ಮಾಣು ಗೋಡೆಯೆಂದು ನಂಬಿ ಅದಕ್ಕೆ ಅಂಟಿಕೊಳ್ಳುತ್ತದೆ, ಮೂತ್ರದ ಜೊತೆ ಹೊರಗೆ ಹೋಗುತ್ತದೆ.

ಅದನ್ನೂ ತಪ್ಪಿಸಿಕೊಂಡು ಗೋಡೆ ಹಿಡಿಯಿತು ಅನ್ನಿ. ಗೋಡೆಯ ಜೀವಕೋಶಗಳಲ್ಲಿ ಎಚ್ಚರಿಕೆಯ ಗಂಟೆಗಳಿವೆ. ಸೂಕ್ಷ್ಮಾಣುವಿನ ಹೊರಕವಚ ತಾಗಿದೊಡನೆ ಬಾರಿಸುವ ಇಂಥ ಒಂದು ಗಂಟೆಯ ಗುಟ್ಟನ್ನು ಬಿಡಿಸಿದ ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಆ ಗಂಟೆ ಹುಟ್ಟಿನಿಂದಲೇ ಕೆಟ್ಟಿರುವ ಇಲಿಗಳ ಮೂತ್ರಕೋಶದಲ್ಲಿ ಸೂಕ್ಷ್ಮಾಣು ಹಾಯಾಗಿ ಬೀಡುಬಿಡುತ್ತದೆ ಎಂದು ತೋರಿಸಿದವರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ಯಾತರೀನಾ ಸ್ವಾನ್‌ಬೋರ್ಗ್ ಎಂಬ ವಿಜ್ಞಾನಿ ಪ್ರಮುಖರು. ಗಂಟೆ ಬಾರಿಸಿದ ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದಿಂದ ಮೂತ್ರಕೋಶಕ್ಕೆ ನುಗ್ಗಿ ಸೂಕ್ಷ್ಮಾಣುಗಳನ್ನು ನುಂಗುತ್ತವೆ. ಸೋಂಕು ತಗುಲಿದ ಜೀವಕೋಶಗಳು ತಾವೇ ಕಳಚಿ ಬಿದ್ದು ವೈರಿಯನ್ನೂ ಹೊತ್ತುಕೊಂಡು ಹೋಗುತ್ತವೆ. ಲ್ಯಾಬಿನವರು ಚೀಟಿಯಲ್ಲಿ ‘ಪಸ್ ಸೆಲ್ಸ್’ ಎಂದು ಬರೆದುಕೊಡುತ್ತಾರಲ್ಲ, ಅದನ್ನು ನೋಡಿ ಮೈಯಲ್ಲೇನೋ ಹೊಲಸು ತುಂಬಿದೆ ಎಂದು ಅಳುವವರಿದ್ದಾರೆ. ಅವು ನಮಗಾಗಿ ಹೋರಾಡಿದ ಕಾವಲಿನವರು ಕಣ್ರೀ! ಆ ಉರಿ, ನಿಮಿಷಕ್ಕೊಮ್ಮೆ ಓಡಬೇಕೆನಿಸುವ ಆ ಅವಸರ, ಎಲ್ಲ ಆ ಹೋರಾಟದ್ದೇ ಗದ್ದಲ.

ಇಷ್ಟೆಲ್ಲ ಮಾಡುವ ಈ ಕಾವಲು ನಮ್ಮಿಂದ ಕೇಳುವುದು ಎರಡೇ: ಕುಡಿಯಲು ಸಾಕಷ್ಟು ನೀರು, ಒತ್ತಡ ಬಂದಾಗ ಹೋಗಲು ಒಂದು ಜಾಗ. ನಮ್ಮ ಹೆಣ್ಣುಮಕ್ಕಳಿಗೆ ನಾವು ಈ ಎರಡನ್ನೂ ಕೊಡುತ್ತಿಲ್ಲ.

ಬೆಳಿಗ್ಗೆ ಮನೆ ಬಿಡುವಾಗಲೇ ತಾಯಿಯ ಬುದ್ಧಿವಾದ, ‘ಜಾಸ್ತಿ ನೀರು ಕುಡೀಬೇಡ, ಸ್ಕೂಲಲ್ಲಿ ಕಷ್ಟ ಆಗುತ್ತೆ.’ ಆ ತಾಯಿಯನ್ನು ಬೈದು ಫಲವೇನು? ಮಗಳ ಶಾಲೆಯ ಶೌಚಾಲಯದ ಸ್ಥಿತಿ ಅವಳಿಗೆ ಗೊತ್ತು. ತಂದ ನೀರಿನ ಬಾಟಲಿಯನ್ನು ಮಗು ಹಾಗೆಯೇ ವಾಪಸು ಒಯ್ಯುತ್ತದೆ. ಏಳನೆಯ ಕ್ಲಾಸಿನ ಲೆಕ್ಕವೊಂದನ್ನು ಇಲ್ಲಿ ಮಾಡೋಣ. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಶಾಲೆಯ 7 ತಾಸಿನಲ್ಲಿ 21 ಸಲ. ಕೊನೆಯ ಗಂಟೆ ಹೊಡೆಯುವಾಗ ಒಂದಿದ್ದದ್ದು 20 ಲಕ್ಷ ದಾಟಿರುತ್ತದೆ. ಮೈಯೊಳಗೆ ಕೊಲ್ಲುವವರೂ ಇರುವುದರಿಂದ ಲೆಕ್ಕ ಇಷ್ಟು ನೇರವಾಗಿ ನಡೆಯುವುದಿಲ್ಲ, ನಿಜ. ಆದರೆ ನಡುವೆ ಎರಡು ಸಲ ಕೊಚ್ಚಿಹೋಗಬೇಕಾದದ್ದನ್ನು ನಾವು ತಡೆದು ಕೂಡಿಸಿಟ್ಟದ್ದೂ ನಿಜವೇ.

‘ಇದೆಲ್ಲ ಪುಸ್ತಕದ ಮಾತು, ನೀರು ಕುಡಿದರೆ ರೋಗ ಹೋಗುತ್ತದೆಯೇ’ ಎನ್ನುವವರಿಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಪದೇ ಪದೇ ಉರಿಮೂತ್ರ ಬರುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿ ಒಂದು ವರ್ಷ ನೋಡಿದರು. ಕುಡಿಯದವರಿಗೆ ಸರಾಸರಿ 3.2 ಸಲ ತೊಂದರೆ ಬಂದರೆ ಕುಡಿದವರಿಗೆ 1.7 ಸಲ. ಮದ್ದಲ್ಲ, ಮಂತ್ರವಲ್ಲ, ಬರೀ ನೀರು.

ಕಾನೂನಿಗೇನೂ ಕೊರತೆಯಿಲ್ಲ. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಎಲ್ಲ ಶಾಲೆಗಳಲ್ಲೂ ಆರು ತಿಂಗಳೊಳಗೆ ಕಟ್ಟಿಸಿ ಎಂದು ಸುಪ್ರೀಂ ಕೋರ್ಟು 2012ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಆಜ್ಞೆ ಮಾಡಿತು. ಗೋಡೆಗಳು ಎದ್ದವು, ಮೇಲೆ ಹುಡುಗಿಯ ಚಿತ್ರವೂ ಬಂತು. ಒಳಗೆ ನಲ್ಲಿ ಇದೆ, ನೀರಿಲ್ಲ. ಬಾಗಿಲು ಇದೆ, ಚಿಲಕವಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎಲ್ಲವೂ ಇತ್ತು; ಬೀಗದ ಕೈ ಮಾತ್ರ ಆಫೀಸು ರೂಮಿನ ಮೊಳೆಯಲ್ಲಿ ನೇತಾಡುತ್ತಿತ್ತು. ‘ಮಕ್ಕಳು ಗಲೀಜು ಮಾಡ್ತಾರೆ ಟೀಚರ್’ ಎಂಬ ಉತ್ತರ. ತೊಳೆಯುವವರನ್ನು ನೇಮಿಸಿ ಎಂದರೆ ದುಡ್ಡಿಲ್ಲ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ದುಡ್ಡಿತ್ತು.

ತರಗತಿಯಲ್ಲಿ ‘ಮಿಸ್, ಒಂದಕ್ಕೆ’ ಎಂದು ಎದ್ದು ನಿಂತ ಹುಡುಗಿಗೆ ‘ಈಗ ತಾನೇ ಬೆಲ್ ಆಯ್ತಲ್ಲ, ಕೂತ್ಕೋ’ ಎನ್ನುವುದನ್ನು ಶಿಸ್ತು ಎಂದುಕೊಂಡವರಿಗೂ ಒಂದು ಮಾತು. ಒಬ್ಬಳಿಗೆ ಬಿಟ್ಟರೆ ಹತ್ತು ಜನ ಏಳುತ್ತಾರೆ ಎನ್ನುತ್ತೀರಿ. ಏಳಲಿ ಬಿಡಿ. ಪಾಣಿಪತ್ ಯುದ್ಧ ಐದು ನಿಮಿಷ ತಡವಾಗಿ ನಡೆದರೆ ಯಾರ ರಾಜ್ಯವೂ ಮುಳುಗುವುದಿಲ್ಲ.

ಶಾಲೆಯೊಂದನ್ನೇ ದೂರುವುದೇಕೆ? ಇಡೀ ದಿನ ಸೀರೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಹುಡುಗಿ, ಬಸ್ಸಿನ ಕಂಡಕ್ಟರಮ್ಮ, ಬಂದೋಬಸ್ತಿನ ಪೊಲೀಸಮ್ಮ, ಎಲ್ಲರದೂ ಇದೇ ಪಾಡು. ಮುಂಬೈಯ ಮಹಿಳಾ ಸಂಘಟನೆಗಳು 2011ರಲ್ಲಿ ಇದಕ್ಕಾಗಿಯೇ ಚಳವಳಿ ಹೂಡಿದವು. ಗಂಡಸರಿಗೆ ಪುಕ್ಕಟೆಯಾದದ್ದಕ್ಕೆ ನಾವೇಕೆ ದುಡ್ಡು ಕೊಡಬೇಕೆಂದು ಬಾಯಿಬಿಟ್ಟು ಕೇಳಿದವು. ನಾವು ಮದುವೆಮನೆಗಳಲ್ಲಿ ಪಿಸುಗುಟ್ಟುತ್ತೇವೆ ಅಷ್ಟೆ.

ಮೈಯ ಕಾವಲು ಗಟ್ಟಿಯಿದೆ ಎಂದು ರೋಗವನ್ನು ಮುಚ್ಚಿಟ್ಟುಕೊಂಡು ಕೂರಿ ಎಂದು ನಾನು ಹೇಳುತ್ತಿಲ್ಲ. ಚಳಿಜ್ವರ ಬಂದರೆ, ಬೆನ್ನಿನ ಪಕ್ಕೆ ನೋಯತೊಡಗಿದರೆ, ಮೂತ್ರದಲ್ಲಿ ರಕ್ತ ಕಂಡರೆ ವೈರಿ ಮೂತ್ರಪಿಂಡದವರೆಗೂ ಹೋಗಿರಬಹುದು. ಬಸುರಿಯಾಗಿದ್ದರಂತೂ ಒಂದು ದಿನವೂ ತಡಮಾಡಬಾರದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ನುಂಗಬೇಕು. ನಾಚಿಕೆಗೆ ಅಂಜಿ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ತಂದು, ಉರಿ ತಗ್ಗಿದೊಡನೆ ಮರೆಯುವುದರಿಂದ ಮುಂದಿನ ಸಲ ಆ ಮಾತ್ರೆಗೆ ಬಗ್ಗದ ಸೂಕ್ಷ್ಮಾಣುವೇ ಬರಬಹುದು. ಮುಟ್ಟು ನಿಂತ ವಯಸ್ಸಿನವರಿಗೆ ಈ ಕಾಟ ಮತ್ತೆ ಹೆಚ್ಚುತ್ತದೆ. ಆ ಭಾಗವನ್ನು ಕಾಯುವ ಒಳ್ಳೆಯ ಸೂಕ್ಷ್ಮಾಣುಗಳು ಹಾರ್ಮೋನು ತಗ್ಗಿದಂತೆ ಕಡಿಮೆಯಾಗುವುದೇ ಅದಕ್ಕೆ ಕಾರಣ. ಅದಕ್ಕೂ ಚಿಕಿತ್ಸೆಯಿದೆ. ವಯಸ್ಸಾಯಿತು, ಕರ್ಮ ಎಂದು ಕೂರಬೇಕಾಗಿಲ್ಲ.

ಮಾತ್ರೆಯಿಂದ ಈ ಸಲದ ಸೋಂಕು ಹೋಗುತ್ತದೆ. ಬೀಗ ತೆಗೆಯುವ ಮಾತ್ರೆಯನ್ನು ಯಾವ ಕಂಪೆನಿಯೂ ಮಾಡಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೋ ಪೋಷಕರ ಸಭೆಗೋ ಹೋದಾಗ ಮಗಳಿಗೆ ಗಣಿತದಲ್ಲಿ ಎಷ್ಟು ಬಂತು ಎನ್ನುವುದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿ. ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಹತ್ತಿರವಿದೆ? ಒಳಗಿನ ನಲ್ಲಿಯಲ್ಲಿ ಇವತ್ತು ನೀರು ಬರುತ್ತಿದೆಯೇ? ಉತ್ತರ ಕೇಳಿಕೊಂಡು ಮನೆಗೆ ಬರಬೇಡಿ. ಎದ್ದು ಹೋಗಿ, ಬಾಗಿಲು ತೆಗೆಸಿ, ನಲ್ಲಿ ತಿರುಗಿಸಿ ನೋಡಿ ಬನ್ನಿ.