ಚಿತ್ರವೇ ಪಾತ್ರವಾಗುವ ರಂಗಭೂಮಿ

ವೇದಾವತಿಯ ನೀರನ್ನು ಭೈರವಾನಿತಿಪ್ಪೆಯ ಅಣೆಕಟ್ಟು ತಡೆದು ನಿಲ್ಲಿಸಿರುವ, ಆಂಧ್ರ-ಕರ್ನಾಟಕ ಗಡಿಯ ಗುಮ್ಮಘಟ್ಟದ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುವಂತೆ, ಚಿತ್ರಕಲೆ ನಾಟಕಕಲೆಗಳೂ ಈ ಗಡಿನಾಡಿನಲ್ಲಿ ಬಹುಕಾಲ ಒಂದೇ ಒಕ್ಕಲಾಗಿ ಬಾಳಿದವೆಂಬುದನ್ನು ಇಂದಿನ ಪ್ರಯೋಗಶೀಲ ರಂಗಕರ್ಮಿಗಳು ನೆನೆಯಬೇಕಾಗಿದೆ.

ಹಿಂದಿನ ಕಂಪನಿ ನಾಟಕಗಳಲ್ಲಿ ಅರಮನೆ, ಅರಣ್ಯ, ಬೀದಿಗಳನ್ನು ಬರೆದ ಪರದೆಗಳು ಒಂದರ ಹಿಂದೊಂದಾಗಿ ಇಳಿದು ಪ್ರೇಕ್ಷಕರ ಕಣ್ಣನ್ನು ತಣಿಸುತ್ತಿದ್ದವು. ಆದರೆ ಆ ಚಿತ್ರಗಳು ನಟನ ಬೆನ್ನಿಗೆ ನಿಂತ ಶೋಭೆಯಾಗಿದ್ದವೇ ಹೊರತು ಅವನೊಡನೆ ಸಂವಾದಿಸಲಿಲ್ಲ. ಇಂದು ಬಟ್ಟೆಯ ಪರದೆಯ ಸ್ಥಾನಕ್ಕೆ ವಿಡಿಯೋ ಬಂದಿರುವಲ್ಲಿಯೂ, ಅದು ಹಿನ್ನೆಲೆಯಾಗಿಯೇ ಉಳಿದರೆ ಪ್ರಯೋಗವೆಂಬ ಹೆಸರು ಅದಕ್ಕೆ ಸಲ್ಲದು.

ಆದರೆ ಇದೇ ಸೀಮೆಯಲ್ಲಿ, ಧರ್ಮಾವರದ ಬಳಿಯ ನಿಮ್ಮಲಕುಂಟೆಯ ತೊಗಲುಗೊಂಬೆಯವರು ಆಡಿನ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹದಗೊಳಿಸಿ, ರೇಖೆಯನ್ನೆಳೆದು, ಉಳಿಯಿಂದ ರಂಧ್ರಗಳನ್ನು ಕೊರೆದು, ಇಕ್ಕೆಲಗಳಲ್ಲಿಯೂ ವರ್ಣವನ್ನು ತುಂಬುತ್ತಾರೆ. ಪರದೆಯ ಹಿಂದೆ ದೀಪ ಹೊತ್ತಿದೊಡನೆ ಆ ರಂಧ್ರಗಳೇ ಸೀತೆಯ ಆಭರಣಗಳಾಗಿ ಮಿನುಗುತ್ತವೆ. ಅಲ್ಲಿ ಚಿತ್ರವನ್ನು ತೆಗೆದರೆ ನಾಟಕವೇ ಇಲ್ಲ. ಹಾಗೆಯೇ ಲೇಪಾಕ್ಷಿಯ ದೇವಾಲಯದ ನಾಟ್ಯಮಂಟಪದ ಒಳಛಾವಣಿಯಲ್ಲಿ 16ನೆಯ ಶತಮಾನದ ಚಿತ್ರಕಾರರು ಕಿರಾತಾರ್ಜುನರ ಕಥೆಯನ್ನು ಬರೆದಾಗ, ಬೇರೆ ಬೇರೆ ಗಳಿಗೆಗಳ ಘಟನೆಗಳನ್ನು ಪಕ್ಕಪಕ್ಕದಲ್ಲಿಯೇ ನಿಲ್ಲಿಸಿದರು. ಕಾಲವನ್ನು ಒಂದೇ ನೋಟಕ್ಕೆ ಹಾಸಿ ತೋರಿಸುವ ಆ ವಿದ್ಯೆಯಿಂದ ನಮ್ಮ ನಿರ್ದೇಶಕರು ಕಲಿಯತಕ್ಕದ್ದು ಬಹಳವಿದೆ.

ಹೀಗೆ ಚಿತ್ರವನ್ನೇ ಪಾತ್ರವಾಗಿಸಿದವರು ನಮ್ಮಲ್ಲಿ ಇಲ್ಲದಿಲ್ಲ. 1971ರ 'ಹಯವದನ' ನಾಟಕದಲ್ಲಿ ಗಿರೀಶ ಕಾರ್ನಾಡರು ಮುಖವಾಡಗಳನ್ನೂ ಅರೆತೆರೆಯನ್ನೂ ಮಾತನಾಡುವ ಗೊಂಬೆಗಳನ್ನೂ ತಂದದ್ದು ಅಲಂಕಾರಕ್ಕಾಗಿ ಅಲ್ಲ. ನಾಯಕಿ ಪದ್ಮಿನಿ ಬಾಯಿಬಿಟ್ಟು ಹೇಳದ ಬಯಕೆಗಳನ್ನು ಆ ಗೊಂಬೆಗಳು ಆಡಿಬಿಡುತ್ತವೆ. ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ರಾಮಾಯಣವನ್ನಾಡುತ್ತಿದ್ದ ಪರದೆಯ ಮೇಲೆ ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ಗಾಂಧೀಜಿಯನ್ನೂ ತಂದು, ಪ್ರಾಚೀನ ಕಲೆಗೆ ನವೀನ ವಸ್ತು ಭಾರವಲ್ಲವೆಂದು ತೋರಿಸಿಕೊಟ್ಟರು.

ಆದುದರಿಂದ ನನ್ನ ಬಿನ್ನಹವಿಷ್ಟೆ. ನಗರದ ರಂಗತಂಡಗಳು ತೊಗಲುಗೊಂಬೆಯ ಒಂದೆರಡು ಆಕೃತಿಗಳನ್ನು ಎರವಲು ಪಡೆದು ಹಿಂದಿರುಗದೆ, ಆ ಕುಟುಂಬಗಳ ಅಂಗಳದಲ್ಲಿ ತಿಂಗಳುಗಟ್ಟಲೆ ಕುಳಿತು, ಚರ್ಮ ಹದಗೊಳಿಸುವ ಕೈಯನ್ನು ನಾಟಕ ಕಟ್ಟುವ ಕೈಯೆಂದೇ ಗೌರವಿಸಿ, ತಕ್ಕ ಸಂಭಾವನೆಯನ್ನೂ ಕರ್ತೃತ್ವದ ಮನ್ನಣೆಯನ್ನೂ ಕೊಡಬೇಕು; ಗಡಿಯ ಕನ್ನಡ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಆ ಕಲಾವಿದರನ್ನು ಕರೆಸಿ, ಮಕ್ಕಳ ಕೈಗೆ ಉಳಿಯನ್ನೂ ಬಣ್ಣವನ್ನೂ ಕೊಡಬೇಕು. ತಾನೇ ಕೊರೆದ ಗೊಂಬೆಯನ್ನು ದೀಪಕ್ಕೆ ಹಿಡಿದು ನೋಡಿದ ಬಾಲಕನಿಗೆ, ಚಿತ್ರವೆಲ್ಲಿ ಮುಗಿದು ನಾಟಕವೆಲ್ಲಿ ತೊಡಗಿತೆಂಬುದನ್ನು ಯಾರೂ ವಿವರಿಸಬೇಕಾಗುವುದಿಲ್ಲ.