ಶಾಸಕರ ಕಾವಲು, ಶಾಸಕರ ಕಸುಬು



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಬರುವುದು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ. ಇದು ಸಾಮಾನ್ಯ ಕ್ಷೇತ್ರ. ಜಿಲ್ಲೆಯಲ್ಲಿ ನಮಗೆಂದು ಮೀಸಲಾಗಿರುವುದು ಮೂಡಿಗೆರೆ ಒಂದೇ. ಇಲ್ಲಿ ಯಾವ ಪಕ್ಷದವರು ಗೆದ್ದರೂ ನಮ್ಮ ಕೇರಿಗೆ ಬಂದು ಆಡುವ ಮಾತು ಎರಡು. ಒಂದು, ನಿಮಗೆ ರಕ್ಷಣೆ ಕೊಡ್ತೀವಿ. ಇನ್ನೊಂದು, ನಿಮ್ಮ ಮಕ್ಕಳಿಗೆ ಕಸುಬು ಕಲಿಸ್ತೀವಿ. ಎರಡೂ ಒಳ್ಳೆ ಮಾತೇ. ಬೇಡ ಅನ್ನೋಕೆ ನಾವೇನು ಹುಚ್ಚರೆ? ಆದರೆ ಯಾರಿಂದ ರಕ್ಷಣೆ, ಎಂಥ ಕಸುಬು ಎಂದು ಕೇಳುವ ಹಕ್ಕು ಓಟು ಹಾಕಿದ ನಮಗಿದೆ.

ಮೊದಲು ರಕ್ಷಣೆ. ಇಪ್ಪತ್ತು ವರ್ಷ ಈ ಕಾಡಿನಲ್ಲಿ ರಕ್ಷಣೆ ಎಂದರೆ ಬಂದೂಕು ಎಂದೇ ಅರ್ಥವಾಗಿತ್ತು. 2005ರ ಫೆಬ್ರವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. 2007ರ ಜುಲೈಯಲ್ಲಿ ಅದೇ ಮೆಣಸಿನಹಾಡ್ಯದಲ್ಲಿ ಐದು ಹೆಣ ಬಿದ್ದವು. ಅವರಲ್ಲಿ ಊರಿನ ಆದಿವಾಸಿಗಳೂ ಇದ್ದರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಅವರಲ್ಲೊಬ್ಬರಾದ ಮುಂಡಗಾರು ಲತಾ ಶೃಂಗೇರಿ ಕಡೆಯವರು. ರಾಜ್ಯ ನಕ್ಸಲ್ ಮುಕ್ತವಾಯಿತು ಎಂದು ಸರ್ಕಾರ ಹೇಳಿತು. ಆಗಲಿ. ಬಂದೂಕು ಕೆಳಗಿಳಿಯಿತು. ನಮ್ಮ ಭಯ ಇಳಿಯಿತೇ?

2022ರ ಅಕ್ಟೋಬರಿನಲ್ಲಿ ಬಾಳೆಹೊನ್ನೂರು ಠಾಣೆಯಲ್ಲಿ ಒಂದು ದೂರು ದಾಖಲಾಯಿತು. ಕಾಫಿ ತೋಟವೊಂದರಲ್ಲಿ ದುಡಿಯುತ್ತಿದ್ದ ದಲಿತ ಕುಟುಂಬಗಳನ್ನು ಸಾಲದ ತಕರಾರಿಗೆ ಕೋಣೆಯೊಳಗೆ ಕೂಡಿಹಾಕಿದರು, ಹೊಡೆತ ತಿಂದ ಬಸುರಿ ಹೆಂಗಸಿನ ಗರ್ಭ ಹೋಯಿತು ಎಂಬ ದೂರು. ಅಲ್ಲಿ ನಕ್ಸಲರು ಇರಲಿಲ್ಲ, ಕಾಡಿನ ಹುಲಿ ಇರಲಿಲ್ಲ. ಇದ್ದದ್ದು ಸಾಲದ ಲೆಕ್ಕ ಮತ್ತು ಒಂದು ಬೀಗ.

ಆ ಬೀಗ ಇವತ್ತಿನದಲ್ಲ. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರ್ ತೆಗೆದು ನೋಡಿ. ಮಲೆನಾಡಿನ ಹೊಲೆಯರಲ್ಲಿ ಹುಟ್ಟಾಳು, ಮಣ್ಣಾಳು ಎಂದು ಎರಡು ಬಗೆ ಬರೆದಿದ್ದಾರೆ. ಒಡೆಯನ ಮನೆಯಲ್ಲೇ ಹುಟ್ಟಿದವನು ಹುಟ್ಟಾಳು. ನೆಲದ ಜೊತೆಗೇ ಕೈ ಬದಲಾಗುವವನು ಮಣ್ಣಾಳು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಹೆಸರು ಹೋಯಿತು. ಆದರೆ ಕೂಲಿ ಲೈನಿನ ಮನೆ ಇವತ್ತಿಗೂ ತೋಟದ್ದೇ. ಕೆಲಸ ಬಿಟ್ಟರೆ ಮನೆ ಬಿಡಬೇಕು. ದೂರು ಕೊಟ್ಟರೆ ಕೆಲಸ ಬಿಡಬೇಕು. ಹಾಗಾದರೆ ದೂರು ಕೊಡೋರು ಯಾರು ಮಾರಾಯ್ರೆ? ಮನೆಯ ಕೀಲಿಕೈ ಒಡೆಯನ ಸೊಂಟದಲ್ಲಿರುವಾಗ ಠಾಣೆಯಲ್ಲಿ ನೂರು ಪೊಲೀಸರಿದ್ದರೂ ಏನು ಬಂತು?

ಹೊರಗೆ ನಿವೇಶನ ಕೊಡಿ ಎಂದರೆ ಡೀಮ್ಡ್ ಫಾರೆಸ್ಟ್, ಸೊಪ್ಪಿನಬೆಟ್ಟ ಎಂದು ಕೈ ಎತ್ತುತ್ತಾರೆ. ಕಂದಾಯ ಭೂಮಿ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಮಾತ್ರ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ಸರ್ಕಾರವೇ ಕಾನೂನು ತಿದ್ದಿದೆ. ಅವರಿಗೆ 25 ಎಕರೆ ಸಿಗುವ ಬೆಟ್ಟದಲ್ಲಿ ನಮಗೆ ಮೂವತ್ತು ನಲವತ್ತರ ಜಾಗ ಇಲ್ಲವಂತೆ!

ಶಾಸಕರಿಗೆ ಅಧಿಕಾರ ಇಲ್ಲವೇ? ಇದೆ. ದೌರ್ಜನ್ಯ ತಡೆ ಕಾಯ್ದೆ 1989ರದು, ಅದರ ನಿಯಮಗಳು 1995ರವು. ಆ ನಿಯಮದ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಶಾಸಕರು ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೇಸು ಎಲ್ಲಿಗೆ ಬಂತು, ಪರಿಹಾರ ಸಿಕ್ಕಿತೇ, ಪುನರ್ವಸತಿ ಆಯಿತೇ ಎಂದು ನೋಡಬೇಕು. ರಕ್ಷಣೆ ಕೊಡ್ತೀವಿ ಅನ್ನುವವರು ವೇದಿಕೆ ಮೇಲೆ ಅಭಯಹಸ್ತ ತೋರಿಸುವುದು ಬೇಡ. ಆ ಸಭೆಯ ಹಾಜರಿ ಪುಸ್ತಕದಲ್ಲಿ ತಮ್ಮ ಸಹಿ ತೋರಿಸಲಿ.

ಇನ್ನು ಕಸುಬು. ಮಳೆಗಾಲದಲ್ಲಿ ಜಾರುವ ಅಡಿಕೆ ಮರ ಹತ್ತಿ, ತುದಿಯಲ್ಲಿ ಕೂತು ಕೊನೆಗೆ ಔಷಧಿ ಹೊಡೆದು, ಅಲ್ಲಿಂದಲೇ ಪಕ್ಕದ ಮರಕ್ಕೆ ಜೀಕಿ ದಾಟುವವನಿಗೆ ಊರು ಇಟ್ಟ ಹೆಸರು ಕೂಲಿಯವನು. ಅದೇ ಕೆಲಸಕ್ಕೆ ನಾಲ್ಕು ದಿನ ಶಿಬಿರ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಅದು ಕೌಶಲ್ಯ! ಕೈಯಲ್ಲಿ ಕೆಲಸ ನಮಗೆ ಎಂದೂ ಕಮ್ಮಿ ಇರಲಿಲ್ಲ. ಅದಕ್ಕೆ ಬೆಲೆ ಕಟ್ಟುವವರು ಬೇರೆಯವರಾಗಿದ್ದರು, ಅಷ್ಟೆ.

ಕಸುಬಿನ ಹೆಸರಿನಲ್ಲಿ ಏನೇನು ನಡೆದಿದೆ ಎಂದು ನಾವು ಮರೆಯಬಾರದು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಸರ್ಕಾರ ಒಂದು ಯೋಜನೆ ತಂತು. ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆಗೆ ಬರಲಿ, ಉಳಿದರ್ಧ ದಿನ ಅಪ್ಪನ ಕಸುಬು ಕಲಿಯಲಿ ಎಂದಿತು. ಜನ ಬೀದಿಗಿಳಿದರು. 1954ರಲ್ಲಿ ಅದು ಬಿದ್ದು ಹೋಯಿತು. ಅದೇ 1953ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರು ಬಂಟು ಶಿಕ್ಷಣ ಕಾಯ್ದೆ ತಂದರು. ಕರಿಯರ ಮಕ್ಕಳು ಬಿಳಿಯರ ಕೆಲಸಕ್ಕೆ ಬೇಕಾದಷ್ಟೇ ಕಲಿಯಲಿ ಎಂಬುದು ಅದರ ಉದ್ದೇಶ. ಸಮುದ್ರದ ಆಚೆಯೂ ಈಚೆಯೂ ಯೋಚನೆ ಒಂದೇ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಪಟ್ಟಿ ಮಾಡಿದೆ. ಚಮ್ಮಾರ, ಕ್ಷೌರಿಕ, ಅಗಸ, ಬುಟ್ಟಿ ಹೆಣೆಯುವವರು ಅದರಲ್ಲಿದ್ದಾರೆ. ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬು ಎಂಬುದು ಅದರ ತಳಹದಿ. ವಯಸ್ಸಾದ ಚಮ್ಮಾರನಿಗೆ ಉಪಕರಣ ಸಿಗಲಿ, ಸಾಲ ಸಿಗಲಿ, ನಮಗೆ ಸಂತೋಷವೇ. ಆದರೆ ಅವನ ಮಗನೂ ಅದೇ ರಂಪಿಗೆ ಹಿಡಿಯಲಿ ಅನ್ನುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ?

ಬಾಬಾಸಾಹೇಬರು ಕಸುಬಿನ ವಿರೋಧಿಯಾಗಿರಲಿಲ್ಲ. 1942ರಲ್ಲಿ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾದ ವರ್ಷವೇ ಅವರು ಒಂದು ಮನವಿಪತ್ರ ಕೊಟ್ಟರು. ಆರ್ಟ್ಸು, ಲಾ ಓದಿನಿಂದ ನಮ್ಮವರಿಗೆ ಹೆಚ್ಚು ಪ್ರಯೋಜನವಿಲ್ಲ, ವಿಜ್ಞಾನ ತಂತ್ರಜ್ಞಾನದ ಉನ್ನತ ಓದು ಬೇಕು, ಅದಕ್ಕೆ ಸರ್ಕಾರ ಹಣ ಕೊಡಲಿ ಎಂದರು. ಜೊತೆಗೆ ಸರ್ಕಾರಿ ಪ್ರೆಸ್ಸುಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರಿಗೆ ತರಬೇತಿ ಕೇಳಿದರು. ಬಿ.ಎ. ಮಾಡಿಕೊಂಡು ಪದ್ಯ ಬರೆಯುವ ನಮಗೆ ಇದು ಕಹಿ ಮಾತು. ಆದರೂ ದಾರಿ ತೋರಿಸುವ ಮಾತು. ಅವರು ಹಳ್ಳಿಯ ಕಸುಬು ಕೇಳಲಿಲ್ಲ, ರೈಲ್ವೆ ವರ್ಕ್‌ಶಾಪು ಕೇಳಿದರು. ಅಲ್ಲಿ ತಿಂಗಳಿಗೆ ಸಂಬಳ, ಅಲ್ಲಿ ಕಾರ್ಮಿಕರ ಸಂಘ. ಅಲ್ಲಿ ಕೆಲಸ ಮಾಡುವವನು ಸಂಜೆ ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಿಲ್ಲ. ರಕ್ಷಣೆ ಬೇರೆ, ಕಸುಬು ಬೇರೆ ಅಲ್ಲ. ಒಡೆಯನ ಹಂಗಿಲ್ಲದ ಸೂರು, ಒಡೆಯನ ಹಂಗಿಲ್ಲದ ಸಂಬಳ, ಇವೆರಡೂ ಸೇರಿದರೆ ಅದೇ ರಕ್ಷಣೆ.

ಮನಸ್ಸಿದ್ದರೆ ಶಾಸಕರಿಂದ ಆಗುತ್ತದೆ. ಇದೇ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು 1994ರಿಂದ 1999ರವರೆಗೆ ಶಿಕ್ಷಣ ಮಂತ್ರಿಯಾಗಿದ್ದಾಗ ಲಕ್ಷದಷ್ಟು ಮೇಷ್ಟ್ರುಗಳ ನೇಮಕ ಲಂಚವಿಲ್ಲದೆ, ಅಂಕ ಮತ್ತು ಮೀಸಲಾತಿ ನೋಡಿ ಆಯಿತು. ಲಂಚಕ್ಕೆ ಕಾಸಿಲ್ಲದ ಮನೆಯ ಹುಡುಗ ಹುಡುಗಿಯರು ಕುರ್ಚಿ ಮೇಲೆ ಕೂತು ಪಾಠ ಮಾಡಿದರು. ಅವರು ನಮ್ಮ ಜಾತಿಯವರೇನೂ ಅಲ್ಲ. ನಿಯಮವನ್ನು ನಿಯಮದ ಹಾಗೆ ನಡೆಸಿದರು, ಅಷ್ಟೇ ಸಾಕಾಯಿತು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಕೂಲಿ ಲೈನಿನ ಪ್ರತಿ ಕುಟುಂಬಕ್ಕೂ ತೋಟದ ಹೊರಗೆ ನಿವೇಶನ, ಹೆಂಗಸಿನ ಹೆಸರಿಗೆ ಹಕ್ಕುಪತ್ರ. ಜಾಗೃತಿ ಸಮಿತಿಯ ಪ್ರತಿ ಸಭೆಯ ನಡಾವಳಿ ಕನ್ನಡದಲ್ಲಿ, ಮೂರೂ ತಾಲ್ಲೂಕು ಕಚೇರಿಯ ಬಾಗಿಲಲ್ಲಿ. ಐಟಿಐ ಬೇಕೆಂದವರಿಗೆ ಹೊಸ ಯಂತ್ರ, ಹಾಸ್ಟೆಲ್, ಸಂಬಳದ ಅಪ್ರೆಂಟಿಸ್; ಸೈನ್ಸ್ ಬೇಕೆಂದ ನಮ್ಮ ಮಗುವಿಗೆ ‘ನಿನಗ್ಯಾಕೆ, ಹೊಲಿಗೆ ಕಲಿ’ ಎನ್ನುವ ಬಾಯಿಗೆ ಬೀಗ.

ಮುಂದಿನ ಸಲ ಶಾಸಕರು ಕೇರಿಗೆ ಬಂದಾಗ ಹಾರ ಹಿಡಿದು ನಿಲ್ಲಬೇಡಿ. ಈ ಮೂರು ಮಾತು ಹಿಡಿದು ನಿಲ್ಲಿ.

ಜೈ ಭೀಮ್.