ಬಣ್ಣದ ಚಿತ್ರಕ್ಕೂ ಲೆಕ್ಕ ಕೇಳಬೇಕು

ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ಕೇಬಲ್, ಟ್ರಾನ್ಸ್‌ಫಾರ್ಮರ್, ಸ್ವಿಚ್‌ಗೇರ್ ವಿನ್ಯಾಸದ ಕೆಲಸದಲ್ಲಿರುವ ಕನ್ನಡಿಗರಿಗೆ ಈ ಚಿತ್ರ ಚೆನ್ನಾಗಿ ಗೊತ್ತು. ಉಪಕರಣದ ಅಡ್ಡಕೊಯ್ತ, ಅದರ ಮೇಲೆ ನೀಲಿಯಿಂದ ಕೆಂಪಿನವರೆಗೆ ಬಣ್ಣ, ಮೂಲೆಯಲ್ಲಿ ‘ಗರಿಷ್ಠ ವಿದ್ಯುತ್ ಕ್ಷೇತ್ರ’ ಎಂದು ಒಂದು ಸಂಖ್ಯೆ. ಆ ಸಂಖ್ಯೆ ಮಿತಿಯೊಳಗಿದ್ದರೆ ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ವಿನ್ಯಾಸ ಪಾಸಾಗುತ್ತದೆ. ಆ ಸಂಖ್ಯೆ ಹೇಗೆ ಬಂತೆಂದು ಕೇಳುವವರು ಕಡಿಮೆ. ಕೇಳುವುದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ.

ಫೈನೈಟ್ ಎಲಿಮೆಂಟ್ ವಿಧಾನ ಮಾಯಾಜಾಲವಲ್ಲ. ಗಣಿತಜ್ಞ ರಿಚರ್ಡ್ ಕೂರಂಟ್ 1943ರಲ್ಲೇ ಇದರ ಮೂಲ ಯೋಚನೆಯನ್ನು ಪ್ರಕಟಿಸಿದ್ದರು. ಎಂಜಿನಿಯರ್ ರೇ ಕ್ಲಫ್ 1960ರಲ್ಲಿ ಈ ಹೆಸರು ಕೊಟ್ಟರು. ಜಾಗವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿಸಿ, ಪ್ರತಿಯೊಂದರೊಳಗೆ ವೋಲ್ಟೇಜ್ ಸರಳವಾಗಿ ಬದಲಾಗುತ್ತದೆ ಎಂದು ಹಿಡಿದು, ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸುವುದೇ ಈ ವಿಧಾನ. ನಾವು ಕೊಟ್ಟ ಪ್ರಶ್ನೆಗೆ ಸಾಫ್ಟ್‌ವೇರ್ ಉತ್ತರ ಕೊಡುತ್ತದೆ. ಪ್ರಶ್ನೆ ಸರಿಯಿತ್ತೇ ಎಂದು ನೋಡುವುದು ಅದರ ಕೆಲಸವಲ್ಲ.

ಆದ್ದರಿಂದ ಹೊಸಬರ ಮೊದಲ ಅಭ್ಯಾಸಕ್ಕೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕವೇ ಬೇಕು. ಒಂದು ಏಕಾಕ್ಷ ಕೇಬಲ್ ತೆಗೆದುಕೊಳ್ಳಿ. ಒಳಗಿನ ವಾಹಕದ ತ್ರಿಜ್ಯ 5 ಮಿ.ಮೀ., ಹೊರಕವಚದ ತ್ರಿಜ್ಯ 15 ಮಿ.ಮೀ., ನಡುವೆ 10 ಕಿಲೋವೋಲ್ಟ್. ಸರಾಸರಿ ಕ್ಷೇತ್ರ ಮಿ.ಮೀ.ಗೆ 1 ಕಿಲೋವೋಲ್ಟ್. ಆದರೆ ವಾಹಕದ ಮೈಮೇಲೆ ಅದು 1.82, ಹೊರಕವಚದ ಬಳಿ 0.61. ಡಿಪ್ಲೊಮಾ ಓದಿದವರೂ ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು.

ಈಗ ಇದನ್ನೇ ಸಾಫ್ಟ್‌ವೇರ್‌ನಲ್ಲಿ ಓಡಿಸಿ. 2 ಮಿ.ಮೀ. ಗಾತ್ರದ ಸರಳ ತ್ರಿಕೋನಗಳಿದ್ದರೆ ವಾಹಕದ ಪಕ್ಕದ ಕ್ಷೇತ್ರ ಸುಮಾರು 1.5 ಎಂದು ಬರುತ್ತದೆ. ತ್ರಿಕೋನವನ್ನು 1 ಮಿ.ಮೀ.ಗೆ ಇಳಿಸಿದರೆ ಸುಮಾರು 1.66, ಅರ್ಧ ಮಿ.ಮೀ.ಗೆ ಇಳಿಸಿದರೆ 1.74ರ ಹತ್ತಿರ. ಮೂರು ಸಲವೂ ಚಿತ್ರ ಅಷ್ಟೇ ಚೆಂದ, ಉತ್ತರ ಮಾತ್ರ ಬೇರೆ ಬೇರೆ. ಪ್ರತಿ ಸಲ ಏರಿಕೆ ಕಡಿಮೆಯಾಗುತ್ತ 1.82ರ ಕಡೆಗೆ ಹೋಗುತ್ತಿದೆ ಎಂಬುದೇ ಇಲ್ಲಿ ನಂಬಿಕೆಗೆ ಆಧಾರ. ಮೊದಲ ಚಿತ್ರವನ್ನೇ ನಂಬಿದವರು ಇನ್ಸುಲೇಶನ್ ಮೇಲಿನ ಒತ್ತಡವನ್ನು ಆರರಲ್ಲಿ ಒಂದು ಪಾಲಿನಷ್ಟು ಕಡಿಮೆ ಎಣಿಸಿರುತ್ತಾರೆ.

ಇದಕ್ಕಿಂತ ಅಪಾಯದ್ದು ಚೂಪು ಮೂಲೆ. ಚಿತ್ರ ಬರೆಯುವಾಗ ವಾಹಕದ ಅಂಚನ್ನು 90 ಡಿಗ್ರಿ ಮೂಲೆಯಾಗಿ ಬಿಟ್ಟರೆ, ಅಲ್ಲಿನ ಕ್ಷೇತ್ರಕ್ಕೆ ಗಣಿತದಲ್ಲಿ ಮಿತಿಯೇ ಇಲ್ಲ. ತ್ರಿಕೋನದ ಗಾತ್ರ ಅರ್ಧವಾದಾಗೆಲ್ಲ ಗರಿಷ್ಠ ಸಂಖ್ಯೆ ಶೇ 26ರಷ್ಟು ಏರುತ್ತದೆ, ಗಾತ್ರ ಎಂಟನೇ ಒಂದಾದರೆ ದುಪ್ಪಟ್ಟಾಗುತ್ತದೆ. ಅಂದರೆ ಆ ಸಂಖ್ಯೆ ಉಪಕರಣದ್ದಲ್ಲ, ತ್ರಿಕೋನದ್ದು. ವಿನ್ಯಾಸ ಪಾಸಾಗಲೇಬೇಕು ಎಂಬ ಒತ್ತಡವಿದ್ದಲ್ಲಿ, ಬೇಕಾದ ಉತ್ತರ ಬರುವಷ್ಟು ದಪ್ಪ ತ್ರಿಕೋನ ಇಟ್ಟುಕೊಳ್ಳಲು ಯಾರಿಗೂ ಕಷ್ಟವಿಲ್ಲ. ಕಾರ್ಖಾನೆಯಲ್ಲಿ ಆ ಅಂಚಿಗೆ ನಿಜವಾಗಿ ಎಷ್ಟು ದುಂಡಗೆ ಆಕಾರ ಕೊಡುತ್ತಾರೋ ಅದನ್ನೇ ಚಿತ್ರದಲ್ಲೂ ಬರೆಯುವುದು ಇದಕ್ಕಿರುವ ಪರಿಹಾರ. ಅದಕ್ಕೆ ಕುರ್ಚಿಯಿಂದ ಎದ್ದು ಶಾಪ್‌ಫ್ಲೋರ್‌ಗೆ ಹೋಗಬೇಕು.

ಚಿತ್ರದಲ್ಲಿ ಬರೆಯದೆ ಬಿಟ್ಟದ್ದೂ ಅಷ್ಟೇ ಮುಖ್ಯ. ಎಪಾಕ್ಸಿ ಎರಕದೊಳಗೆ ಕ್ಷೇತ್ರಕ್ಕೆ ಅಡ್ಡಲಾಗಿ ಚಪ್ಪಟೆಯಾದ ಒಂದು ಗಾಳಿಗುಳ್ಳೆ ಉಳಿದರೆ, ಅದರೊಳಗಿನ ಕ್ಷೇತ್ರ ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಗಾಳಿ ತಡೆಯುವುದೋ ಮಿ.ಮೀ.ಗೆ ಸುಮಾರು 3 ಕಿಲೋವೋಲ್ಟ್, ಘನ ಎಪಾಕ್ಸಿ ತಡೆಯುವುದಕ್ಕಿಂತ ಎಷ್ಟೋ ಕಡಿಮೆ. ಗುಳ್ಳೆಯಿಲ್ಲದ ಚಿತ್ರದಲ್ಲಿ ಎಲ್ಲವೂ ತಣ್ಣನೆಯ ನೀಲಿ. ಇನ್ಸುಲೇಶನ್ ಒಳಗೊಳಗೇ ಸವೆದು, ವರ್ಷಗಳ ನಂತರ ಯಾವುದೋ ಸಬ್‌ಸ್ಟೇಷನ್‌ನಲ್ಲಿ ಸಿಡಿದಾಗ ಪಕ್ಕದಲ್ಲಿ ನಿಂತಿರುವವನು ಲೈನ್‌ಮನ್, ನಾವಲ್ಲ.

‘ಹೇಗೂ ಪರೀಕ್ಷೆ ಇದ್ದೇ ಇದೆಯಲ್ಲ’ ಎನ್ನುವವರಿದ್ದಾರೆ. ಬೆಂಗಳೂರಿನ ಸಿಪಿಆರ್‌ಐನಂಥ ಸಂಸ್ಥೆಯ ಹೈವೋಲ್ಟೇಜ್ ಪರೀಕ್ಷೆಗೆ ಬದಲಿಯಿಲ್ಲ, ನಿಜ. ಆದರೆ ಉಪಕರಣ ಅಲ್ಲಿಗೆ ಹೋಗುವ ಹೊತ್ತಿಗೆ ಅಚ್ಚು ತಯಾರಾಗಿರುತ್ತದೆ, ಹಣ ಖರ್ಚಾಗಿರುತ್ತದೆ. ಜತೆಗೆ ಪರೀಕ್ಷೆಗೆ ಹೋಗುವುದು ಒಂದು ಮಾದರಿ, ಊರೂರಿಗೆ ಹೋಗುವುದು ಸಾವಿರಾರು. ‘ಸಮಯವಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ತ್ರಿಕೋನ ಸಣ್ಣದು ಮಾಡಿ ಇನ್ನೆರಡು ಸಲ ಓಡಿಸಲು ಇಂಥ ಸರಳ ಲೆಕ್ಕದಲ್ಲಿ ಕಾಫಿ ಕುಡಿಯುವಷ್ಟು ಹೊತ್ತೂ ಬೇಡ.

ಲೈಸೆನ್ಸ್ ದುಬಾರಿ ಎಂಬ ನೆಪವೂ ಬೇಡ. ಎಫ್‌ಇಎಂಎಂ ಮತ್ತು ಫಿನ್ಲೆಂಡಿನ ಸಿಎಸ್‌ಸಿ ಸಂಸ್ಥೆಯ ಎಲ್ಮರ್ ಎರಡೂ ಉಚಿತ. ಮೇಲಿನ ಕೇಬಲ್ ಲೆಕ್ಕ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಊರಿನ ಕಾಲೇಜಿನಿಂದ ನೇರ ಬಂದು ನಮ್ಮ ವಿಭಾಗ ಸೇರುವ ಹುಡುಗ ಹುಡುಗಿಯರಿಗೆ ಒಂದು ಭಾನುವಾರ ಇದನ್ನು ಕನ್ನಡದಲ್ಲೇ ಹೇಳಿಕೊಡಬಹುದು. ಸಭೆಯಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ‘ಇದು ಯಾಕೆ ಹೀಗೆ’ ಎಂದು ಕೇಳಲು ಹಿಂಜರಿಯುವವರು ಕನ್ನಡದಲ್ಲಿ ಹತ್ತು ಪ್ರಶ್ನೆ ಕೇಳುತ್ತಾರೆ. ಈ ಕೆಲಸಕ್ಕೆ ಬೇಕಾದದ್ದೇ ಆ ಪ್ರಶ್ನೆಗಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಮ್ಮ ವರದಿಗಳಲ್ಲಿ ಬಣ್ಣದ ಚಿತ್ರದ ಕೆಳಗೆ ಮೂರು ಸಾಲು ಇರಲಿ: ಕೈಲೆಕ್ಕದ ಉತ್ತರ ಎಷ್ಟು, ತ್ರಿಕೋನ ಅರ್ಧ ಮಾಡಿದಾಗ ಸಂಖ್ಯೆ ಎಷ್ಟು ಬದಲಾಯಿತು, ಚಿತ್ರದಲ್ಲಿ ಏನನ್ನು ಬಿಟ್ಟಿದ್ದೇವೆ. ಈ ಮೂರು ಸಾಲಿಲ್ಲದ ವರದಿಗೆ ಸಹಿ ಹಾಕಬಾರದು.